ಎರಡು ದಿನದ ನೀರು

ಸ್ಪೇನಿಗೆ ಸೇರಿದ ಕೆನರಿ ದ್ವೀಪಸಮೂಹದ ಎಲ್ ಹಿಯೆರೊದಲ್ಲಿ ಹೊಳೆ ಎಂಬುದೇ ಇಲ್ಲ. ಜನ 11,000ದ ಆಸುಪಾಸು. ಅಂಥ ಕಡೆ ಜಲವಿದ್ಯುತ್ ಮಾಡಲು ಹೊರಟವರ ಧೈರ್ಯವನ್ನು ಮೊದಲು ಮೆಚ್ಚಬೇಕು. ಆರಿದ ಜ್ವಾಲಾಮುಖಿಯ ಬಾಯನ್ನೇ ಕೆರೆ ಮಾಡಿ, ಸಮುದ್ರದ ನೀರಿನ ಉಪ್ಪು ತೆಗೆದು ತುಂಬಿಸಿದರು. ಸುಮಾರು 650 ಮೀಟರ್ ಕೆಳಗೆ ಇನ್ನೊಂದು ಕೆರೆ. ಜೊತೆಗೆ ಐದು ಗಾಳಿಯಂತ್ರ, ಒಟ್ಟು 11.5 ಮೆಗಾವ್ಯಾಟ್. ಗಾಳಿ ಹೆಚ್ಚಿದ್ದಾಗ ಪಂಪುಗಳು ನೀರನ್ನು ಮೇಲಕ್ಕೆತ್ತುತ್ತವೆ, ಗಾಳಿ ಬಿದ್ದಾಗ ಅದೇ ನೀರು ಇಳಿದು ದೀಪ ಉರಿಸುತ್ತದೆ. ಈ ಗೊರೋನಾ ದೆಲ್ ವಿಯೆಂಟೊ ಸ್ಥಾವರ 2014ರ ಜೂನ್‌ನಲ್ಲಿ ಉದ್ಘಾಟನೆಯಾಯಿತು.

ಇದರ ನಿಜವಾದ ಜಾಣ್ಮೆ ಕಾಣುವುದು ಗಾಳಿ ಚೆನ್ನಾಗಿ ಬೀಸುತ್ತಿರುವಾಗ. ಒಂದು ಕೊಳವೆಯಲ್ಲಿ ನೀರು ಮೇಲೇರುತ್ತಿರುತ್ತದೆ, ಅದೇ ಹೊತ್ತಿಗೆ ಮತ್ತೊಂದರಲ್ಲಿ ಇಳಿದು ಪೆಲ್ಟನ್ ಚಕ್ರದ ಬಟ್ಟಲುಗಳಿಗೆ ಅಪ್ಪಳಿಸುತ್ತಿರುತ್ತದೆ. ಏರಿಸಿದ್ದನ್ನು ಇಳಿಸುವುದು ದಂಡ ಅನ್ನಿಸಬಹುದು. ಆದರೆ ಈ ದ್ವೀಪಕ್ಕೆ ಹೊರಗಿನ ಯಾವ ಜಾಲದ ಆಸರೆಯೂ ಇಲ್ಲ. ಗಾಳಿ ಒಂದು ಗಳಿಗೆ ಕುಗ್ಗಿದರೂ ವಿದ್ಯುತ್ತಿನ ಆವರ್ತನ 50 ಹರ್ಟ್ಸ್‌ನಿಂದ ತಪ್ಪುತ್ತದೆ. ತಿರುಗುತ್ತಲೇ ಇರುವ ಚಕ್ರಕ್ಕೆ ನೀರಿನ ಧಾರೆ ಹೆಚ್ಚಿಸಿ ಆ ಆವರ್ತನವನ್ನು ಹಿಡಿದು ನಿಲ್ಲಿಸುತ್ತಾರೆ. ಆ ನೀರು ವ್ಯರ್ಥವಲ್ಲ, ಸ್ಥಿರತೆಗೆ ಕೊಟ್ಟ ಬೆಲೆ.

2019ರ ಬೇಸಿಗೆಯಲ್ಲಿ 24 ದಿನ ಒಂದೇ ಸಮನೆ ಡೀಸೆಲ್ ಇಲ್ಲದೆ ಇಡೀ ದ್ವೀಪ ನಡೆಯಿತು. ದೊಡ್ಡ ಸಾಧನೆಯೇ. ಆದರೆ ಆ ಇಡೀ ವರ್ಷದ ಲೆಕ್ಕ ತೆಗೆದರೆ ಗಾಳಿ-ನೀರಿನ ಪಾಲು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಉಳಿದದ್ದು ಡೀಸೆಲ್. 'ನೂರಕ್ಕೆ ನೂರು' ಎಂದು ಮೆರೆಸಿದವರು ಈ ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಿತ್ತು.

ಕೊರತೆ ಎಲ್ಲಿದೆ? ಮೇಲಿನ ಕೆರೆಗೆ 3.8 ಲಕ್ಷ ಘನ ಮೀಟರ್ ಹಿಡಿಯುವ ವಿನ್ಯಾಸ, ಕೆಳಗಿನದಕ್ಕೆ 1.5 ಲಕ್ಷ. ಇಳಿದ ನೀರಿಗೆ ಕೆಳಗೆ ಜಾಗವಿರಬೇಕಲ್ಲ! ಕೆಳಗಿನ ಕೆರೆ ತುಂಬುವಷ್ಟು ನೀರಿನಿಂದ ಸಿಗುವುದು ದ್ವೀಪದ ಹೆಚ್ಚುಕಡಿಮೆ ಎರಡು ದಿನದ ವಿದ್ಯುತ್ತು. ಗಾಳಿಯಾದರೋ ವಾರಗಟ್ಟಲೆ ಮುನಿಸಿಕೊಂಡು ಕೂರಬಲ್ಲದು. ಮುಂಗಾರಿನ ನೀರನ್ನು ಮುಂದಿನ ಬೇಸಿಗೆಯವರೆಗೂ ಕಾಯ್ದಿಡುವ ಲಿಂಗನಮಕ್ಕಿಯನ್ನು ಕಂಡ ನಮಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ.

ಕೆಳಗಿನ ಕೆರೆಯನ್ನೂ ಮೇಲಿನದರಷ್ಟೇ ದೊಡ್ಡದು ಮಾಡಿದ್ದರೆ ಎರಡು ದಿನ ಐದಾಗುತ್ತಿತ್ತು. ಆಗಲೂ ಡೀಸೆಲ್ ಪೂರ್ತಿ ತಪ್ಪುತ್ತಿರಲಿಲ್ಲ. ಆದರೂ ಆ ಮೂರು ದಿನಗಳಿಗಾಗಿ ಹಣ ಹಾಕಬೇಕಿತ್ತು ಎಂದೇ ನನ್ನ ಅಭಿಪ್ರಾಯ.