ಒಂಟಿ ಸವಾರನ ಹಿಂದೆ ಎಷ್ಟು ಜನ?

ಊರಿನಿಂದ ನೆಂಟರು ಬಂದಾಗಲೆಲ್ಲ ಅವರನ್ನು ಬಾಸ್ಟನ್ನಿನ ನಾರ್ತ್ ಎಂಡಿಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ರೂಢಿ. ಓಲ್ಡ್ ನಾರ್ತ್ ಚರ್ಚಿನ ಹಿಂದೆ ಕುದುರೆ ಏರಿದ ಪಾಲ್ ರೆವೀರನ ಪ್ರತಿಮೆಯಿದೆ. ಬ್ರಿಟಿಷ್ ಸೇನೆ ಬರುತ್ತಿದೆಯೆಂದು 1775ರ ಏಪ್ರಿಲ್ 18ರ ರಾತ್ರಿ ಊರೂರಿಗೆ ಸುದ್ದಿ ಮುಟ್ಟಿಸಿದ ವೀರ ಎಂದು ನಾನು ಪಾಠ ಒಪ್ಪಿಸುತ್ತಿದ್ದೆ. ಹೋದ ಸಲ ಬಂದಿದ್ದ ಸೋದರಮಾವ ನಿವೃತ್ತ ಮೇಷ್ಟ್ರು. ‘ಅಷ್ಟೂ ಊರು ಇವನೊಬ್ಬನೇ ಸುತ್ತಿದನೇನೋ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ಪಾಠದ ಮೂಲ ಇತಿಹಾಸವಲ್ಲ, ಒಂದು ಪದ್ಯ. ಲಾಂಗ್‌ಫೆಲೋನ ‘ಪಾಲ್ ರೆವೀರ್ಸ್ ರೈಡ್’ ಅಟ್ಲಾಂಟಿಕ್ ಮಂತ್ಲಿಯಲ್ಲಿ ಅಚ್ಚಾದದ್ದು 1861ರ ಜನವರಿಯಲ್ಲಿ, ಘಟನೆ ನಡೆದು 85 ವರ್ಷಗಳಾದ ಮೇಲೆ. ಅದರಲ್ಲಿ ರೆವೀರ್ ನದಿಯಾಚೆ ನಿಂತು ಚರ್ಚಿನ ಗೋಪುರದ ದೀಪಕ್ಕಾಗಿ ಕಾಯುತ್ತಾನೆ. ದೀಪ ಕಂಡೊಡನೆ ಒಬ್ಬನೇ ಹೊರಟು ಕಾಂಕರ್ಡ್ ತಲುಪುತ್ತಾನೆ.

ರೆವೀರ್ ತಾನೇ ಬರೆದಿಟ್ಟ ವಿವರ ಬೇರೆ. ದೀಪದ ಸಂಕೇತ ಅವನಿಗಾಗಿ ಇದ್ದದ್ದಲ್ಲ. ತಾನು ನದಿ ದಾಟಲಾಗದೆ ಹೋದರೆ ಚಾರ್ಲ್ಸ್‌ಟೌನಿನ ಜನಕ್ಕೆ ಸುದ್ದಿ ತಿಳಿಯಲೆಂದು ಅವನೇ ಮಾಡಿಸಿದ ಏರ್ಪಾಡು. ಗೆಳೆಯರಿಬ್ಬರು ದೋಣಿಯಲ್ಲಿ ದಾಟಿಸಿದರು. ಕುದುರೆ ಎರವಲಿನದು. ಅವನನ್ನು ಕಳಿಸಿದ ಡಾಕ್ಟರ್ ಜೋಸೆಫ್ ವಾರನ್, ವಿಲಿಯಂ ಡಾಸ್ ಎಂಬುವನನ್ನೂ ನೆಲಮಾರ್ಗದಲ್ಲಿ ಕಳಿಸಿದ್ದ. ಇಬ್ಬರೂ ಲೆಕ್ಸಿಂಗ್ಟನ್ ತಲುಪಿದರು. ಮುಂದೆ ಹೊರಟಾಗ ಸ್ಯಾಮ್ಯುಯಲ್ ಪ್ರೆಸ್ಕಾಟ್ ಎಂಬ ತರುಣ ವೈದ್ಯ ಜತೆಯಾದ. ದಾರಿಯಲ್ಲಿ ಬ್ರಿಟಿಷ್ ಗಸ್ತಿನವರು ರೆವೀರನನ್ನು ಹಿಡಿದರು, ಕುದುರೆ ಕಿತ್ತುಕೊಂಡರು. ಕಾಂಕರ್ಡಿಗೆ ಸುದ್ದಿ ಒಯ್ದವನು ಪ್ರೆಸ್ಕಾಟ್. ರೆವೀರ್ ಲೆಕ್ಸಿಂಗ್ಟನ್ನಿಗೆ ನಡೆದುಕೊಂಡು ವಾಪಸಾದ.

ಕವಿಗೆ ಇದೆಲ್ಲ ಸಿಗದ ಮಾಹಿತಿಯೇನಲ್ಲ. ರೆವೀರನ ಪತ್ರ ಅವನು ಬದುಕಿದ್ದಾಗಲೇ ಅಚ್ಚಾಗಿತ್ತು. ಆದರೂ ಲಾಂಗ್‌ಫೆಲೋನನ್ನು ಸುಳ್ಳುಗಾರ ಎನ್ನಲು ನಾನು ಸಿದ್ಧನಿಲ್ಲ. ಗುಲಾಮಗಿರಿಯನ್ನು ವಿರೋಧಿಸಿದ್ದ ಕವಿ ಅವನು. ದೇಶ ಒಡೆಯುವ ಅಂಚಿನಲ್ಲಿದ್ದಾಗ ಮಲಗಿದ್ದವರನ್ನು ಎಬ್ಬಿಸುವ ದನಿಯೊಂದು ಅವನಿಗೆ ಬೇಕಾಗಿತ್ತು. ಆ ಕೆಲಸವನ್ನು ಪದ್ಯ ಚೆನ್ನಾಗಿಯೇ ಮಾಡುತ್ತದೆ. ಕುದುರೆಯ ಓಟ ಅದರ ಲಯದಲ್ಲೇ ಕೇಳಿಸುತ್ತದೆ.

ನನ್ನ ತಕರಾರು ಪದ್ಯವನ್ನೇ ಚರಿತ್ರೆಯೆಂದು ಒಪ್ಪಿಕೊಂಡ ನಮ್ಮ ಮೇಲೆ. ಕಾಂಕರ್ಡ್ ತಲುಪಿದ್ದು ಯಾರು ಎಂಬುದು ಸಣ್ಣ ತಪ್ಪಿರಬಹುದು. ಹಲವರು ಸೇರಿ ಮಾಡಿದ್ದು ಒಬ್ಬನ ಸಾಹಸವಾಗಿ ಉಳಿದದ್ದು ಸಣ್ಣದಲ್ಲ. ದೀಪ ಹಿಡಿದವರು, ದೋಣಿ ನಡೆಸಿದವರು, ಕುದುರೆ ಕೊಟ್ಟವರು, ಸುದ್ದಿಯನ್ನು ಮುಂದಿನ ಊರಿಗೆ ದಾಟಿಸಿದವರು ಎಲ್ಲರೂ ಕತೆಯಿಂದ ಬಿದ್ದುಹೋದರು. ಒಬ್ಬ ಸಿಕ್ಕಿಬಿದ್ದರೂ ಸುದ್ದಿ ನಿಲ್ಲದಂತೆ ಮೊದಲೇ ಯೋಚಿಸಿದ್ದರಲ್ಲ, ಅದೇ ರೆವೀರನ ನಿಜವಾದ ಹಿರಿಮೆ. ದಂತಕತೆ ಆ ಹಿರಿಮೆಯನ್ನೇ ಮರೆಮಾಡಿದೆ. 1779ರ ಪೆನಾಬ್‌ಸ್ಕಾಟ್ ದಂಡಯಾತ್ರೆಯ ಸೋಲಿನ ನಂತರ ಅವನ ಮೇಲೆ ಆರೋಪ ಬಂದದ್ದು, ಸೇನಾ ವಿಚಾರಣೆಗೆ ಅವನೇ ಪಟ್ಟುಹಿಡಿದು 1782ರಲ್ಲಿ ನಿರ್ದೋಷಿಯಾದದ್ದು ಕೂಡ ಪ್ರತಿಮೆಯ ಮುಂದೆ ಯಾರಿಗೂ ನೆನಪಾಗುವುದಿಲ್ಲ.

ಇದನ್ನು ಬರೆಯುವಾಗ ನಂದಗಡ ನೆನಪಾಗುತ್ತದೆ. 1831ರಲ್ಲಿ ಅಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಜನ ಲಾವಣಿಗಳಲ್ಲಿ ಉಳಿಸಿಕೊಂಡರು. ಕಂಪನಿ ಸರ್ಕಾರಕ್ಕೆ ಅವನು ಬಂಡುಕೋರ, ಹಾಡುಗಾರರಿಗೆ ಮನೆಮಗ. ಅವನು ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26 ಎನ್ನುವಾಗ ನಮಗೆಲ್ಲ ಮೈ ಜುಮ್ಮೆನ್ನುತ್ತದೆ. ಇದಕ್ಕೆ ಆಧಾರವೇನು ಎಂದು ಯಾರಾದರೂ ಕೇಳಿದರೆ ಮಾತ್ರ ರಾಯಣ್ಣನಿಗೇ ಅವಮಾನವಾಯಿತೆಂದು ಸಿಡುಕುತ್ತೇವೆ. ದೂರದೇಶದಲ್ಲಿರುವ ನಾವು ಇನ್ನೂ ಬೇಗ ಸಿಡುಕುತ್ತೇವೆ; ಮಕ್ಕಳಿಗೆ ದಾಟಿಸಲು ನಮ್ಮ ಕೈಯಲ್ಲಿ ಕತೆಗಳಷ್ಟೇ ಉಳಿದಿವೆಯೆಂಬ ಅಳುಕು. ಆದರೆ ಪ್ರಶ್ನೆ ಕೇಳಬಾರದೆಂದು ಕಟ್ಟಿಕೊಟ್ಟ ಕತೆಯನ್ನು ಆ ಮಕ್ಕಳು ದೊಡ್ಡವರಾದ ಮೇಲೆ ಇಟ್ಟುಕೊಳ್ಳುತ್ತಾರೆಯೇ?

ಲಾವಣಿಯನ್ನು ಲಾವಣಿಯಾಗಿ ಹಾಡೋಣ, ದಾಖಲೆಯನ್ನು ದಾಖಲೆಯಾಗಿ ಓದೋಣ. ಮುಂದಿನ ಸಲ ನೆಂಟರು ಬಂದಾಗ ಪ್ರತಿಮೆಯ ಮುಂದೆ ಡಾಸ್, ಪ್ರೆಸ್ಕಾಟ್ ಹೆಸರನ್ನೂ ಹೇಳುತ್ತೇನೆ. ಫೋಟೋ ತೆಗೆಯುವುದು ಸ್ವಲ್ಪ ತಡವಾಗಬಹುದು. ಮಾವ ಬೇಜಾರು ಮಾಡಿಕೊಳ್ಳುವವರಲ್ಲ.