ಸೈಕ್ಲೋಪ್ಸನ ಬಾಯಲ್ಲಿ ಕನ್ನಡ: ಚಾರಿಷನ್ ಪ್ರಹಸನದ ಒಂದು ಓದು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಪುನರುಕ್ತಿಗಳನ್ನಷ್ಟೇ ತೆಗೆದು ಮಾತಿನ ಧಾಟಿಯನ್ನು ಉಳಿಸಿಕೊಳ್ಳಲಾಗಿದೆ.)

ಧ್ವನಿ ಕೇಳಿಸ್ತಿದೆ ಅಂದ್ಕೋತೀನಿ. ಮಸಿನಗುಡಿಯಲ್ಲಿ ಬೆಳಿಗ್ಗೆಯಿಂದ ಮಳೆ. ಕರೆಂಟು ಹೋದ್ರೆ ಫೋನಿನಿಂದ ಮತ್ತೆ ಸೇರ್ಕೋತೀನಿ, ಬೇಸರ ಮಾಡ್ಕೋಬೇಡಿ.

ಗ್ರೀಕ್ ಮತ್ತು ರೋಮನ್ ಪುರಾಣಗಳ ರಾಕ್ಷಸರ ಬಗ್ಗೆ ಮಾತಾಡಿ ಅಂತ ಹೇಳಿದಾಗ ನಾನು ಮೊದಲು ಒಂದು ಪಟ್ಟಿ ಮಾಡ್ಕೊಂಡಿದ್ದೆ. ಮೆಡೂಸಾ, ಹೈಡ್ರಾ, ಮಿನೋಟಾರ್, ನೂರು ಕೈಗಳ ದೈತ್ಯರು. ಆಮೇಲೆ ಪಟ್ಟಿ ಬಿಟ್ಟೆ. ಇವರಲ್ಲಿ ಹೆಚ್ಚಿನವರಿಗೆ ಮಾತೇ ಇಲ್ಲ. ಬರ್ತಾರೆ, ವೀರನ ಕೈಯಲ್ಲಿ ಸಾಯ್ತಾರೆ. ಮಾತಾಡುವ ರಾಕ್ಷಸ ಬಂದಾಗಲೇ ವಿಮರ್ಶೆಗೆ ಕೆಲಸ ಹುಟ್ಟೋದು. ಹಾಗಾಗಿ ಇವತ್ತು ಇಬ್ಬರು ಮಾತ್ರ: ಹೋಮರನ ಒಕ್ಕಣ್ಣ ಪಾಲಿಫೀಮಸ್, ಮತ್ತು ಅವನ ಪಾತ್ರವನ್ನೇ ಬೇರೆ ವೇಷದಲ್ಲಿ ಆಡುವ ಒಬ್ಬ ರಾಜ. ಈ ಎರಡನೆಯವನು ಕನ್ನಡ ಮಾತಾಡ್ತಾನೆ ಅಂತ ನಾವು ನೂರಕ್ಕೂ ಹೆಚ್ಚು ವರ್ಷಗಳಿಂದ ಹೇಳ್ಕೊಂಡು ಬಂದಿದ್ದೇವೆ.

ಮೊದಲು ಪಾಲಿಫೀಮಸ್. 'ಒಡಿಸ್ಸಿ'ಯ ಒಂಬತ್ತನೇ ಭಾಗದಲ್ಲಿ ಒಡಿಸ್ಸಿಯಸ್ ಸೈಕ್ಲೋಪ್ಸರ ನಾಡಿನ ಬಗ್ಗೆ ಹೇಳೋದನ್ನ ಗಮನಿಸಿ. ಅವರು ಉಳೋದಿಲ್ಲ, ಬಿತ್ತೋದಿಲ್ಲ, ಸಭೆ ಸೇರೋದಿಲ್ಲ, ಅವರಿಗೆ ಹಡಗು ಗೊತ್ತಿಲ್ಲ. ಎದುರಿಗಿರೋ ದ್ವೀಪದ ಮಣ್ಣು ಒಳ್ಳೇದು, ಬಂದರೂ ಚೆನ್ನಾಗಿದೆ, ಆದ್ರೆ ಬಳಸೋರಿಲ್ಲ. ರಾಕ್ಷಸನ ಮುಖ ಇನ್ನೂ ಕಂಡಿಲ್ಲ, ಆಗಲೇ ನೆಲದ ಲೆಕ್ಕ ಆಗಿಹೋಗಿದೆ. ನೀಲಗಿರಿಯಲ್ಲಿ ಹುಟ್ಟಿದ ಯಾರಿಗೂ ಈ ಕಣ್ಣು ಹೊಸದಲ್ಲ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟ ಹತ್ತಿ ಬಂದಾಗಲೂ ಮೊದಲು ಕಂಡದ್ದು ಹವೆ, ಮಣ್ಣು, ನೀರು. ಜನ ಕಂಡದ್ದು ಆಮೇಲೆ.

ಇನ್ನು ಗುಹೆಯ ಒಳಗೆ ಬನ್ನಿ. ಅಲ್ಲಿ ಏನಿದೆ? ಬೆತ್ತದ ತಟ್ಟಿಗಳಲ್ಲಿ ಗಿಣ್ಣು. ಹಾಲು ಕರೆಯೋ ಪಾತ್ರೆಗಳು. ಮರಿಗಳನ್ನ ವಯಸ್ಸಿನ ಪ್ರಕಾರ ಬೇರೆ ಬೇರೆ ದೊಡ್ಡಿಯಲ್ಲಿ ಕೂಡಿದ್ದಾನೆ. ಸಂಜೆ ಬಂದವನು ಒಂದೊಂದೇ ಕುರಿ, ಮೇಕೆ ಕರೆದು, ಮರಿಗಳನ್ನ ತಾಯಿ ಹತ್ರ ಬಿಟ್ಟು, ಅರ್ಧ ಹಾಲನ್ನ ಹೆಪ್ಪು ಹಾಕಿ, ಅರ್ಧವನ್ನ ಕುಡಿಯೋಕೆ ಇಟ್ಕೋತಾನೆ. ನಮ್ಮಲ್ಲಿ ಎಮ್ಮೆ ಸಾಕುವ ತೋಡರ ಹಾಲುಮನೆಯ ಶಿಸ್ತು ನೋಡಿದವರಿಗೆ, ಇವನು ಕಸುಬು ಬಲ್ಲ ಮನುಷ್ಯ ಅಂತ ಕೂಡಲೇ ಗೊತ್ತಾಗುತ್ತೆ. ಹೌದು, ಮನುಷ್ಯರನ್ನ ತಿಂತಾನೆ. ಅದನ್ನ ಮುಚ್ಚಿಡೋಕೆ ಆಗಲ್ಲ, ಮುಚ್ಚಿಡಬಾರದು ಕೂಡ. ಆದ್ರೆ ಅವನು ಸೋಲೋದು ಬಲದಿಂದ ಅಲ್ಲ. ಎರಡು ಉಪಾಯದಿಂದ: ಹೆಂಡ ಮತ್ತು ಭಾಷೆ. ಇಪ್ಪತ್ತು ಪಾಲು ನೀರು ಬೆರೆಸಿ ಕುಡಿಯಬೇಕಾದ ದ್ರಾಕ್ಷಾಮದ್ಯವನ್ನ ಬೆರಕೆಯಿಲ್ಲದೆ ಮೂರು ಸಲ ಕುಡಿಸ್ತಾರೆ. ಹೆಸರು ಕೇಳಿದಾಗ 'ಯಾರೂ ಇಲ್ಲ' ಅನ್ನೋ ಅರ್ಥದ ಹೆಸರು ಹೇಳ್ತಾರೆ. ಕಣ್ಣು ಕಳಕೊಂಡು ಕೂಗಿದಾಗ ನೆರೆಯವರು ಓಡಿ ಬರ್ತಾರೆ, ಅವನು ನಿಜವನ್ನೇ ಹೇಳ್ತಾನೆ, ಆ ನಿಜ ಅವರ ಕಿವಿಗೆ ಹುಚ್ಚುಮಾತಾಗಿ ಕೇಳಿಸುತ್ತೆ. ಪಾಲಿಫೀಮಸ್ ಅನ್ನೋ ಹೆಸರಿಗೇ ಬಹಳ ಮಾತುಳ್ಳವನು, ಬಹಳ ಮಾತಿಗೆ ವಿಷಯವಾದವನು ಅನ್ನೋ ಅರ್ಥಗಳಿವೆ. ಅವನ ಮಾತು ಮಾತ್ರ ಯಾರಿಗೂ ತಲುಪಲಿಲ್ಲ. ಮುಂದೆ ರೋಮನ್ ಕವಿ ಓವಿಡ್ ಅವನಿಂದ ಪ್ರೇಮಗೀತೆ ಹಾಡಿಸ್ತಾನೆ, ಕುಂಟೆಯಿಂದ ತಲೆ ಬಾಚಿಸ್ತಾನೆ. ಅದೂ ನಗುವಿಗೇ.

ಈಗ ಎರಡನೆಯವನು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ರಾಶಿಗಳಲ್ಲಿ ಸಿಕ್ಕ ಪಪೈರಸ್ ಹಾಳೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು ಸಂಪುಟಗಳಾಗಿ ಪ್ರಕಟಿಸಿದರು. 1903ರ ಮೂರನೇ ಸಂಪುಟದಲ್ಲಿ 413ನೇ ಸಂಖ್ಯೆಯ ಹಾಳೆ ಒಂದು ಗ್ರೀಕ್ ಪ್ರಹಸನ. ಕ್ರಿ.ಶ. 2ನೇ ಶತಮಾನದ್ದು. ನಾವು ಚಾರಿಷನ್ ಪ್ರಹಸನ ಅನ್ನೋದು ಇದನ್ನೇ. ಕಥೆ ಚಿಕ್ಕದು. ಚಾರಿಷನ್ ಅನ್ನೋ ಗ್ರೀಕ್ ಹುಡುಗಿ ದೂರದ ಕರಾವಳಿಯ ರಾಜನೊಬ್ಬನ ವಶದಲ್ಲಿ, ಸೆಲೀನ್ ಎಂಬ ಚಂದ್ರದೇವತೆಯ ಗುಡಿಯಲ್ಲಿದ್ದಾಳೆ. ಬಿಡಿಸೋಕೆ ಅಣ್ಣ ಬರ್ತಾನೆ, ಜೊತೆಗೆ ಒಬ್ಬ ವಿದೂಷಕ. ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ಮದ್ಯ ಕುಡಿಸಿ, ಕಟ್ಟಿಹಾಕಿ, ಹಡಗು ಹತ್ತಿ ಓಡಿಹೋಗ್ತಾರೆ.

ಯೂರಿಪಿಡೀಸ್‌ನ 'ಟೌರಿಸ್‌ನಲ್ಲಿ ಇಫಿಜೀನಿಯಾ' ನಾಟಕದ ಅಣಕ ಇದು ಅಂತ ಎಲ್ಲರೂ ಹೇಳ್ತಾರೆ, ಸರಿ. ಆದ್ರೆ ಮದ್ಯದ ಉಪಾಯ ಎಲ್ಲಿಂದ ಬಂತು? ಅದೇ ಕವಿಯ 'ಸೈಕ್ಲೋಪ್ಸ್' ನಾಟಕದಿಂದ, ಅದರ ಹಿಂದೆ ಹೋಮರನಿಂದ. ಈ ನಾಡಲ್ಲಿ ದ್ರಾಕ್ಷಾಮದ್ಯ ಮಾರಾಟಕ್ಕೆ ಸಿಗಲ್ಲ, ಸಿಕ್ಕಿದ್ರೆ ಅಭ್ಯಾಸವಿಲ್ಲದ ಇವರು ಬೆರಕೆಯಿಲ್ಲದೆ ಕುಡೀತಾರೆ ಅನ್ನೋ ಅರ್ಥದ ಮಾತು ಪ್ರಹಸನದಲ್ಲೇ ಇದೆ. ಅಂದ್ರೆ ರಾಜನನ್ನ ನಿಲ್ಲಿಸಿರೋದು ಒಕ್ಕಣ್ಣನ ಜಾಗದಲ್ಲಿ. ಎರಡು ಕಣ್ಣಿದೆ, ನಮ್ಮ ನಿಮ್ಮಷ್ಟೇ ಎತ್ತರ, ಯಾರನ್ನೂ ತಿಂದಿಲ್ಲ. ಹಾಗಾದ್ರೆ ಅವನು ರಾಕ್ಷಸ ಅಂತ ಪ್ರೇಕ್ಷಕರಿಗೆ ಗೊತ್ತಾಗೋದು ಹೇಗೆ? ಅವನು ಮಾತಾಡೋದು ಗ್ರೀಕರಿಗೆ ಅರ್ಥ ಆಗಲ್ಲ. ಆ ಮಾತನ್ನ ಗ್ರೀಕ್ ಲಿಪಿಯಲ್ಲಿ ಹಾಗೇ ಬರೆದಿದ್ದಾರೆ. ಅದೇ ಹಾಳೆಯಲ್ಲಿ ವಾದ್ಯ ಬಾರಿಸಬೇಕಾದ ಜಾಗಕ್ಕೆ ಗುರುತುಗಳಿವೆ. ವಿದೂಷಕ ಹೂಸು ಬಿಡಬೇಕಾದ ಜಾಗಕ್ಕೂ ಇವೆ. (ಕ್ಷಮಿಸಿ, ಪಠ್ಯದಲ್ಲಿ ಇರೋದನ್ನ ಹೇಳಲೇಬೇಕು. ಹಡಗು ಹತ್ತೋ ಮೊದಲು ಅವರನ್ನ ಕಾಪಾಡೋ ಆಯುಧಾನೇ ಅದು.) ತಮಟೆ, ಹೂಸು, ಪರಭಾಷೆ. ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ.

1904ರಲ್ಲಿ ಹುಲ್ಟ್ಷ್, ಮದ್ರಾಸ್ ಸರ್ಕಾರದ ಶಾಸನತಜ್ಞರಾಗಿದ್ದವರು, ಈ ಪರಭಾಷೆಯ ಕೆಲವು ಮಾತು ಕನ್ನಡ ಅಂತ ಬರೆದರು. ಆರ್. ಶಾಮಶಾಸ್ತ್ರಿಗಳು ಒಪ್ಪಿದರು, ಮಂಜೇಶ್ವರದ ಗೋವಿಂದ ಪೈಗಳು ಆಸಕ್ತಿಯಿಂದ ಬರೆದರು. 1926ರಲ್ಲಿ ಬಾರ್ನೆಟ್ ಇದು ಕನ್ನಡವಲ್ಲ ಅಂತ ವಾದಿಸಿದರು. ಆಮೇಲೆ ತುಳು ಅನ್ನೋ ವಾದವೂ ಬಂತು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ: ಹುಲ್ಟ್ಷ್ ಓದು ನಿಲ್ಲೋದಿಲ್ಲ. ಒಂದೇ ಕಾರಣ ಸಾಕು. ಅವರು 'ಪಾತ್ರಕ್ಕೆ ಹಾಕಿ' ಅಂತ ಓದಿದ್ದಾರೆ. 'ಹಾಕು' ಹಳಗನ್ನಡದಲ್ಲಿ 'ಪಾಯ್ಕು', ನಡುಗನ್ನಡದಲ್ಲಿ 'ಹಾಯ್ಕು', ಆಮೇಲೆ 'ಹಾಕು'. ಪದದ ಮೊದಲಿನ ಪಕಾರ ಹಕಾರವಾಗಿದ್ದು 2ನೇ ಶತಮಾನಕ್ಕಿಂತ ಎಷ್ಟೋ ಈಚೆ. 941ರ ಪಂಪನಿಗೂ ಹಾಲು 'ಪಾಲ್' ಆಗಿಯೇ ಇತ್ತು. ಬೆಟ್ಟದ ಮೇಲಿನ ಬಡಗ ಭಾಷೆಯಲ್ಲಿ ಹಟ್ಟಿ, ಹಾಲು ಅಂತ ಹಕಾರವೇ ಇದೆ, ಯಾಕಂದ್ರೆ ಅವರು ಮೈಸೂರು ಸೀಮೆಯಿಂದ ಹತ್ತಿ ಬಂದದ್ದು ಈ ಬದಲಾವಣೆ ಮುಗಿದ ಮೇಲೆ. ಚಾರಿಷನ್ನಳ ಕಾಲದ ರಾಜ ಕನ್ನಡವನ್ನೇ ಆಡಿದ್ರೆ ಅಲ್ಲಿ ಇನ್ನೊಂದು ಪಕಾರ ಕೇಳಿಸಬೇಕಿತ್ತು. ಹುಲ್ಟ್ಷ್ ಓದಿನಲ್ಲಿ ಅದಿಲ್ಲ. ನಮ್ಮ ಇವತ್ತಿನ ಕನ್ನಡವನ್ನ ಹದಿನೆಂಟು ಶತಮಾನ ಹಿಂದಕ್ಕೆ ಒಯ್ದು ಅವನ ಬಾಯಿಗೆ ಇಟ್ಟ ಹಾಗಾಗಿದೆ.

ಇಷ್ಟು ಹೇಳಿ ನಿಲ್ಲಿಸಿದ್ರೆ ಇದು ಭಾಷಾಶಾಸ್ತ್ರದ ತರಗತಿ ಆಗುತ್ತೆ. ನನಗೆ ಕುತೂಹಲ ಇರೋದು ಹುಲ್ಟ್ಷ್ ಓದಿನಿಂದ ಬರೋ ಅರ್ಥದಲ್ಲಿ. ಅದು ತಪ್ಪಾಗಿದ್ದರೂ. ಅವರ ಪ್ರಕಾರ ರಾಜ ಹೇಳ್ತಿರೋದು ಇಷ್ಟು: ಬೇರೆ ಪಾತ್ರೆಗೆ, ಕೊಂಚ ಮದ್ಯ ಹಾಕಿ. ಇನ್ನೊಂದು ಮಾತಿನ ಅರ್ಥ, ಪಾತ್ರೆಯನ್ನ ಬೇರೆಯಾಗಿ ಎತ್ತಿಕೊಂಡು, ಮುಚ್ಚಿ, ಮದ್ಯವನ್ನ ಬೇರೆಯಾಗಿ ತಗೋತೀನಿ. ನೋಡಿ, ಏನಾಯ್ತು! ಗ್ರೀಕರ ಕಿವಿಗೆ ಬರೀ ಸದ್ದು. ಕನ್ನಡದ ಕಿವಿಗೆ, ಸ್ವಲ್ಪ ಸಾಕು ಅನ್ನೋ ಮನುಷ್ಯ. ಬೆರಕೆಯಿಲ್ಲದೆ ಗಟಗಟ ಕುಡಿಯೋ ಸೈಕ್ಲೋಪ್ಸ್ ಹೋದ, ಅತಿಥಿಗಳ ಎದುರು ಸಂಕೋಚಪಡೋ ಒಬ್ಬ ಯಜಮಾನ ಬಂದ. ಅರ್ಥ ಸಿಕ್ಕ ಕೂಡಲೇ ರಾಕ್ಷಸ ಮಾಯ.

ನಮ್ಮ ವಿದ್ವತ್ತು ಈ ಅವಕಾಶವನ್ನ ಬಳಸಿಕೊಳ್ಳಲೇ ಇಲ್ಲ. 'ಈಜಿಪ್ಟಿನಲ್ಲಿ ಕನ್ನಡ' ಅಂತ ಸಂಭ್ರಮಪಟ್ಟೆವು, ಪಠ್ಯಪುಸ್ತಕಕ್ಕೆ ಒಂದು ಸಾಲು ಸೇರಿಸಿದೆವು. ನಾಟಕದಲ್ಲಿ ಆ ಮಾತಿಗೆ ಯಾವ ಜಾಗ ಕೊಟ್ಟಿದ್ದಾರೆ ಅಂತ ಕೇಳಲಿಲ್ಲ. ಅದು ಕನ್ನಡವೇ ಆಗಿದ್ದರೆ ಹೂಸಿನ ಪಕ್ಕದಲ್ಲಿ ಇಟ್ಟು ನಕ್ಕ ಕನ್ನಡ. ಇದರಲ್ಲಿ ಹೆಮ್ಮೆಪಡೋಕೆ ಏನಿದೆ?

ಇದಕ್ಕಿಂತ ಕಹಿಯಾದದ್ದು ಇನ್ನೊಂದಿದೆ. ಕುಡಿದ ಮೇಲೆ ರಾಜ ಒಂದು ಹಾಡು ಹೇಳ್ತಾನೆ, ಸೆಲೀನ್ ದೇವತೆಗೆ. ಅದು ಗ್ರೀಕಿನಲ್ಲಿದೆ, ಪೂರ್ತಿ ಅರ್ಥ ಆಗುತ್ತೆ. ಅದರಲ್ಲಿ ಭಾರತದ ನಾಯಕರನ್ನ ಕುಣಿಯೋಕೆ ಕರೀತಾನೆ, ತನ್ನ ಕುಣಿತವನ್ನ ತಾನೇ 'ಬಾರ್ಬರ' ಅಂತಾನೆ. ಆ ಪದ ಪರಭಾಷೆಯವರ ಬರ್‌ಬರ್ ಅನ್ನೋ ಸದ್ದಿನಿಂದ ಹುಟ್ಟಿದ್ದು. ನಾಟಕಕಾರ ರಾಕ್ಷಸನಿಗೆ ಕೊನೆಗೂ ಎಲ್ಲರಿಗೂ ತಿಳಿಯೋ ಭಾಷೆ ಕೊಟ್ಟ, ಆದ್ರೆ ಅದರಲ್ಲಿ ಹೇಳಿಸಿದ್ದು 'ನಾನು ಬಾರ್ಬರ' ಅಂತ. ನಮ್ಮ ಯಕ್ಷಗಾನದ ಬಣ್ಣದ ವೇಷವನ್ನ ಇದರ ಪಕ್ಕದಲ್ಲಿಟ್ಟು ನೋಡಿ. ತೆರೆಯ ಹಿಂದಿನಿಂದ ಅಬ್ಬರಿಸಿ, ಬೊಬ್ಬೆ ಹಾಕಿ ಬರ್ತಾನೆ, ಮಕ್ಕಳು ಹೆದರಿ ಅಳ್ತಾವೆ. ಆಮೇಲೆ ಕೂತು ಅರ್ಥ ಹೇಳೋಕೆ ಶುರು ಮಾಡಿದ್ರೆ ಎದುರಿನ ರಾಜವೇಷದ ಭಾಷೆಯೇ ಇವನ ಭಾಷೆ. ವಾದದಲ್ಲಿ ಗೆಲ್ಲೋದೂ ಉಂಟು. ಕೊನೆಗೆ ಸಾಯ್ತಾನೆ, ನಿಜ. ತನ್ನ ಪಕ್ಷ ಹೇಳಿ ಸಾಯ್ತಾನೆ.

ಇಷ್ಟರಿಂದ ನಾವು ಗ್ರೀಕರಿಗಿಂತ ಒಳ್ಳೆಯವರು ಅಂತ ತಿಳ್ಕೋಬೇಡಿ. ನನ್ನ ಜಿಲ್ಲೆಯ ಮಾತಿಗೆ ಬರ್ತೀನಿ. 1832ರ ಪುಸ್ತಕದಲ್ಲಿ ಹಾರ್ಕ್‌ನೆಸ್ ಎಂಬ ಇಂಗ್ಲಿಷ್ ಕ್ಯಾಪ್ಟನ್ ತೋಡರಿಗೆ ರೋಮನ್ ಮೂಗು ಇದೆ ಅಂತ ಬರೆದ. ಹೀಗೆ ಹೊರಗಿನವರ ಪುರಾಣದಲ್ಲಿ ತೋಡರು ರೋಮನ್ನರಾದರು. ರಾಕ್ಷಸರ ಪಾತ್ರ ಕುರುಂಬರಿಗೆ ಬಂತು. ಆದ್ರೆ ಅದನ್ನ ಹೊರಗಿನವರು ತಂದು ಕೊಟ್ಟದ್ದಲ್ಲ. ಬೆಟ್ಟದವರೇ ಕುರುಂಬರನ್ನ ಮಾಟಗಾರರು ಅಂತ ಹೆದರಿದ್ದರು, ರೋಗಕ್ಕೆ, ದನ ಸತ್ತದ್ದಕ್ಕೆ ಅವರನ್ನೇ ಕಾರಣ ಮಾಡಿ ಕೊಂದದ್ದು 19ನೇ ಶತಮಾನದ ದಾಖಲೆಗಳಲ್ಲಿದೆ. ಅದೇ ಕುರುಂಬರನ್ನೇ ಬಡಗರ ಹಟ್ಟಿಯವರು ಬಿತ್ತನೆಯ ದಿನ ಕರೆದು ಮೊದಲ ಬೀಜ ಹಾಕಿಸ್ತಿದ್ದರು. ಹೋಮರನ ಸೈಕ್ಲೋಪ್ಸನಿಗೆ ಉಳುಮೆ ಗೊತ್ತಿಲ್ಲ, ಅದಕ್ಕೇ ಅವನು ರಾಕ್ಷಸ. ಇಲ್ಲಿ ಯಾರಿಗೆ ಹೆದರ್ತಾರೋ ಅವನ ಕೈಯಿಲ್ಲದೆ ಬಿತ್ತನೆಯೇ ಶುರುವಾಗಲ್ಲ. ಗ್ರೀಕ್ ಚೌಕಟ್ಟು ತಂದು ಇಲ್ಲಿ ಹಾಗೇ ಕೂರಿಸೋಕೆ ಆಗದು ಅನ್ನೋದಕ್ಕೆ ಇದನ್ನ ಹೇಳಿದೆ.

ಒಂದು ಸ್ವಂತದ ವಿಷಯ. ಶಾಲೆಯಲ್ಲಿ ನನ್ನ ಪಕ್ಕ ಒಬ್ಬ ಇರುಳರ ಹುಡುಗಿ ಕೂರ್ತಿದ್ದಳು. ಮನೆಭಾಷೆಯಲ್ಲಿ ಏನಾದ್ರೂ ಹೇಳು ಅಂತ ಒಮ್ಮೆ ಎಲ್ಲರೂ ಒತ್ತಾಯ ಮಾಡಿದ್ವಿ. ಹೇಳಿದಳು. ತರಗತಿ ನಕ್ಕಿತು, ನಾನೂ ನಕ್ಕೆ. ಅವಳು ಹೇಳಿದ್ದು ಏನು ಅಂತ ನಾನು ಕೇಳಲಿಲ್ಲ. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಚಾರಿಷನ್ ಪ್ರಹಸನ ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ಹಲ್ಮಿಡಿ ಶಾಸನ ಅಲ್ಲ, ಆ ನಗು.

'ಬೇರೆ ಪಾತ್ರೆ' ಅನ್ನೋದನ್ನೂ ಸುಮ್ಮನೆ ದಾಟೋಕೆ ನನಗಾಗಲ್ಲ. ಹುಲ್ಟ್ಷ್ ಅದನ್ನ ಸಹಜವಾಗಿ ಬರೆದುಬಿಟ್ಟರು. ನಮ್ಮಜ್ಜನಿಗೆ ಚಾ ಅಂಗಡಿಯಲ್ಲಿ ತೆಂಗಿನ ಚಿಪ್ಪಿನಲ್ಲಿ ಚಾ ಕೊಡ್ತಿದ್ದರಂತೆ. ಬೇರೆ ಪಾತ್ರೆ ಕೇಳೋದು ರಾಜನಾದ್ರೆ ಅದು ಮರ್ಯಾದೆ, ಅಂಗಡಿಯವನು ಕೊಟ್ರೆ ಇನ್ನೊಂದು. ಕನ್ನಡದಲ್ಲಿ ಆ ಎರಡು ಪದ ಕೇಳಿದವರಿಗೆ ಎರಡೂ ನೆನಪಾಗಬೇಕು.

ಪ್ರಶ್ನೆಗಳಿವೆ ಅಂತಿದ್ದಾರೆ, ತಗೋತೀನಿ.

ಪ್ರಶ್ನೆ (ಅಧ್ಯಾಪಕರೊಬ್ಬರು): ನಿಮ್ಮ ವಾದ ಒಪ್ಪಿದರೆ ಈ ಪ್ರಹಸನವನ್ನು ಕನ್ನಡ ಸಾಹಿತ್ಯಚರಿತ್ರೆಯಿಂದ ತೆಗೆದುಹಾಕಬೇಕಾಗುತ್ತದಲ್ಲವೇ?

ತೆಗೀಬೇಕಾಗಿಲ್ಲ ಸರ್. ಒಂದು ಸಾಲನ್ನ ತೆಗೆದು ಇಡೀ ನಾಟಕವನ್ನ ಪಾಠಕ್ಕೆ ಇಡಿ ಅಂತೀನಿ. ಅದರಲ್ಲಿ ಚಾರಿಷನ್ ಒಂದು ಒಳ್ಳೆ ಮಾತಾಡ್ತಾಳೆ. ದೇವಿಯ ಕಾಣಿಕೆಗಳನ್ನ ಕದಿಯೋಣ ಅಂತ ವಿದೂಷಕ ಹೇಳಿದಾಗ ಬೇಡ ಅಂತಾಳೆ. ಕಾಪಾಡು ಅಂತ ಬೇಡುವವರು ದೇವರಿಗೇ ಅಪಚಾರ ಮಾಡಬಾರದು ಅನ್ನೋದು ಅವಳ ವಾದ. ದೇವಿಗೆ ಇಷ್ಟು ಗೌರವ, ದೇವಿಯ ಭಕ್ತರ ಮಾತಿಗೆ ಮಾತ್ರ ಇಲ್ಲ. ವಿದ್ಯಾರ್ಥಿಗಳು ಇದರ ಬಗ್ಗೆ ಚೆನ್ನಾಗಿ ಜಗಳ ಆಡ್ತಾರೆ.

ಪ್ರಶ್ನೆ (ಗೂಡಲೂರಿನಿಂದ ವಿದ್ಯಾರ್ಥಿನಿಯೊಬ್ಬರು): ಮೇಡಂ, ಇದನ್ನ ಈಗ ಆಡಿದ್ರೆ ರಾಜನಿಗೆ ಯಾವ ಭಾಷೆ ಕೊಡ್ತೀರಾ? ನಮ್ಮ ಪಣಿಯ ಭಾಷೆ ಕೊಡಬಹುದಾ?

ಪಣಿಯ ಭಾಷೆ ಕೊಟ್ರೆ ಪ್ರೇಕ್ಷಕರು ನಗ್ತಾರಮ್ಮ, ನನಗೆ ಅದೇ ಭಯ. ನೀವೇ ಆ ಪಾತ್ರ ಮಾಡೋದಾದ್ರೆ ಮಾತು ಬೇರೆ. ಆಗ ಗ್ರೀಕರ ಮಾತನ್ನ ಯಾವ ಭಾಷೆಗೆ ಹಾಕ್ಬೇಕು ಅಂತಲೂ ನೀವೇ ಹೇಳಿ. ತಮಟೆ ನಾನು ನೋಡ್ಕೋತೀನಿ. ರಾಜನ ಮಾತು ಬರೋ ಕಡೆಯೆಲ್ಲ ಅದನ್ನ ನಿಲ್ಲಿಸ್ತೀನಿ.