ಮೂರು ಪಿರಿಯಡ್ಡು, ಒಂದು ಧಾತು

ಹೈಸ್ಕೂಲಿನ ಹುಡುಗಿಯೊಬ್ಬಳಿಗೆ ಒಂದೇ ದಿನದಲ್ಲಿ ‘ಧಾತು’ ಮೂರು ಸಲ ಎದುರಾಗಬಹುದು. ಕನ್ನಡ ವ್ಯಾಕರಣದಲ್ಲಿ ‘ಮಾಡು’, ‘ಹೋಗು’ ಧಾತು. ವಿಜ್ಞಾನದಲ್ಲಿ ಆಮ್ಲಜನಕ, ಗಂಧಕ ಧಾತು. ಹಿಂದಿ ಪಿರಿಯಡ್ಡಿನಲ್ಲಿ ಧಾತು ಎಂದರೆ ಲೋಹ. ಅಲ್ಲಿ ಆಮ್ಲಜನಕ ‘ತತ್ವ’. ಆ ತತ್ವವೋ, ನಮ್ಮಲ್ಲಿ ಆರ್ಕಿಮಿಡೀಸನ ಪಾಲಾಗಿದೆ. ಮೂವರು ಮೇಷ್ಟ್ರುಗಳೂ ಒಬ್ಬರ ಧಾತುವಿನ ಸುದ್ದಿ ಇನ್ನೊಬ್ಬರಿಗೆ ಗೊತ್ತೇ ಇಲ್ಲವೆಂಬಂತೆ ಪಾಠ ಮುಗಿಸಿ ಎದ್ದುಹೋಗುತ್ತಾರೆ.

ಈ ಗೊಂದಲಕ್ಕೆ ಹೆದರಿಯೋ ಏನೋ, ಕೆಲವು ವಿಜ್ಞಾನ ಬರಹಗಾರರು ‘ಮೂಲವಸ್ತು’ ಎನ್ನುತ್ತಾರೆ. ಇನ್ನು ಕೆಲವರು ಎರಡನ್ನೂ ಬಿಡಲಾರದೆ ‘ಮೂಲಧಾತು’ ಎನ್ನುತ್ತಾರೆ, ‘ನಟ್ಟನಡು ಸೆಂಟರಿನಲ್ಲಿ’ ಎಂದ ಹಾಗೆ. ಮೂಲವಸ್ತು ಕಿವಿಗೆ ಬಿದ್ದೊಡನೆ ಅರ್ಥವಾಗುತ್ತದೆ, ನಿಜ. ಆದರೆ ಸೀರೆಗೆ ರೇಷ್ಮೆಯೂ ಮೂಲವಸ್ತು, ಇಟ್ಟಿಗೆಗೆ ಜೇಡಿಮಣ್ಣೂ ಮೂಲವಸ್ತು. ನನ್ನ ಓಟು ಧಾತುವಿಗೇ.

ಕಾರಣ ಆ ವ್ಯಾಕರಣದ ಪಿರಿಯಡ್ಡಿನಲ್ಲೇ ಇದೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಧಾತುಗಳನ್ನು ಪಟ್ಟಿಮಾಡಿದ. ‘ಮಾಡಿದನು’ ಎಂಬುದರ ಪ್ರತ್ಯಯಗಳನ್ನೆಲ್ಲ ಕಳಚಿದರೆ ‘ಮಾಡು’ ಉಳಿಯುತ್ತದೆ. ಅದನ್ನೂ ಒಡೆದರೆ ಕೈಗೆ ಬರುವುದು ಬರೀ ಅಕ್ಷರ. 1789ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ 33 ಧಾತುಗಳ ಪಟ್ಟಿ ಬರೆದಾಗ ಹಿಡಿದ ಅಳತೆಗೋಲೂ ಇದೇ: ಇನ್ನು ಒಡೆಯಲು ಬಾರದ್ದು. ಅದರಲ್ಲಿ ಬೆಳಕು, ಶಾಖಗಳೂ ಸೇರಿಕೊಂಡಿದ್ದವು. ಪಟ್ಟಿ ತಪ್ಪಿತು, ಅಳತೆಗೋಲು ಉಳಿಯಿತು. ಮುಂದೆ ಮೆಂಡಲೀವ್ ತನ್ನ ಧಾತುಗಳ ಕೋಷ್ಟಕದ ಖಾಲಿ ಮನೆಗಳಿಗೆ ಸಂಸ್ಕೃತದ ‘ಏಕ’ ಸೇರಿಸಿ ಹೆಸರಿಟ್ಟ. ಅವನ ಏಕ-ಅಲ್ಯೂಮಿನಿಯಂ 1875ರಲ್ಲಿ ಗ್ಯಾಲಿಯಂ ಆಗಿ ಸಿಕ್ಕಿತು. ಇದರ ಹಿಂದೆ ಸಂಸ್ಕೃತ ವೈಯಾಕರಣ ಪಾಣಿನಿಯ ನೆರಳು ಕಾಣುವ ವಿದ್ವಾಂಸರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಆದರೂ ಮಾತಿನ ಬೇರಿಗೂ ಜಗತ್ತಿನ ಬೇರಿಗೂ ಒಂದೇ ಹೆಸರು ಇರುವ ಭಾಷೆಯಲ್ಲಿ ಪಾಠ ಮಾಡುತ್ತಾ ಅದನ್ನು ಹೇಳದೆ ಬಿಡುವುದು ಜಿಪುಣತನ.

ತೊಡಕಿರುವುದು ಆಯುರ್ವೇದದ ಕಡೆ. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ: ದೇಹವನ್ನು ಧರಿಸಿ ನಿಲ್ಲಿಸಿದ್ದರಿಂದ ಈ ಏಳೂ ಧಾತು. ಇಲ್ಲಿ ಒಡೆಯಬಾರದೆಂಬ ಷರತ್ತಿಲ್ಲ. ರಸ ಮಾಗಿ ರಕ್ತ, ರಕ್ತ ಮಾಗಿ ಮಾಂಸ. ರಸಾಯನಶಾಸ್ತ್ರದ ಗಂಧಕ ಎಷ್ಟು ಮಾಗಿದರೂ ರಂಜಕವಾಗದು. ಎರಡೂ ತಮ್ಮ ತಮ್ಮ ಮನೆಯಲ್ಲಿ ಸರಿ. ಬಸ್‌ಸ್ಟ್ಯಾಂಡಿನ ಗೋಡೆಯ ‘ಧಾತು ದೌರ್ಬಲ್ಯ’ದ ಜಾಹೀರಾತು ಮಾತ್ರ ಎರಡೂ ಮನೆಯ ಗೌರವವನ್ನು ಒಟ್ಟಿಗೆ ಕಡ ತಂದು ಗುಳಿಗೆ ಮಾರುತ್ತದೆ.

ಹಾಗೆ ನೋಡಿದರೆ, ರಕ್ತವೆಂಬ ಧಾತುವಿನಲ್ಲಿ ಕಬ್ಬಿಣವೆಂಬ ಧಾತು ಕಡಿಮೆಯಾಗಿದೆ ಎಂದರೆ ಯಾರೂ ತಪ್ಪು ಹಿಡಿಯುವಂತಿಲ್ಲ. ಹಾಗೆ ಮಾತಾಡುವ ಡಾಕ್ಟರು ಮಾತ್ರ ಎಲ್ಲೂ ಸಿಗರು. “ಸೊಪ್ಪು ತಿನ್ನಮ್ಮ, ಕಬ್ಬಿಣದ ಅಂಶ ಇರುತ್ತೆ” ಎನ್ನುತ್ತಾರೆ. ಈ ‘ಅಂಶ’ ಬಹಳ ಜಾಣ ಪದ. ಬೇರೊಂದರಲ್ಲಿ ಬೆರೆತು ತನ್ನ ರೂಪ ಅಡಗಿಸಿಕೊಂಡ ಧಾತುವಿಗಷ್ಟೇ ಅದು ಸಲ್ಲುತ್ತದೆ. ಬಾಗಿಲ ಚಿಲಕವನ್ನು ಯಾರೂ ಕಬ್ಬಿಣದ ಅಂಶ ಎನ್ನುವುದಿಲ್ಲ. ಬಿಡಿಯಾಗಿ ನಿಂತ ಧಾತು ಬೇರೆ, ಸಂಯುಕ್ತದೊಳಗೆ ಕೂತ ಧಾತು ಬೇರೆ ಎಂಬುದನ್ನು ಒಂದೇ ವಾಕ್ಯದ ವ್ಯಾಖ್ಯೆ ಉರುಹೊಡೆಸುವ ಪಾಠ ಹೇಳದೆ ಬಿಟ್ಟಿದೆ. ಸೊಪ್ಪು ಮಾರುವಾಕೆ ದಿನಾ ಹೇಳುತ್ತಿದ್ದಾಳೆ.